ಪಾಯಿಂಟ್ ಮೇಲೆ ನಿಲ್ಲುವ, ತಿರುವಿನಲ್ಲಿ ಹಳಿ ತಪ್ಪುವ ಸ್ಟೀಮ್ ಎಂಜಿನ್: ದೋಷ ಎಲ್ಲಿದೆ?

ಉಗಿಪ್ರಿಯ:
ಎಲ್ಲರಿಗೂ ನಮಸ್ಕಾರ. ನನ್ನದು ಮಾದರಿ ರೈಲಿನ ಲೇಔಟ್: ಎಚ್‌ಓ ಅಳತೆ (1:87), ಡಿಸಿಸಿ (ಹಳಿಯ ಮೂಲಕವೇ ಎಂಜಿನ್‌ಗೆ ಡಿಜಿಟಲ್ ಆಜ್ಞೆ ಕಳಿಸುವ ವ್ಯವಸ್ಥೆ). ಒಂದರೊಳಗೊಂದು ಎರಡು ಸುತ್ತು ಇವೆ. ಒಳಸುತ್ತಿನ ತ್ರಿಜ್ಯ 457 ಮಿ.ಮೀ., ಹೊರಸುತ್ತಿನದು 559. ಎಂಜಿನ್ 4-6-2 ಪೆಸಿಫಿಕ್ (ಮುಂದೆ ನಾಲ್ಕು ಸಣ್ಣ, ನಡುವೆ ಆರು ದೊಡ್ಡ, ಹಿಂದೆ ಎರಡು ಸಣ್ಣ ಗಾಲಿ), ಆ ಆಜ್ಞೆ ಓದುವ ಡಿಕೋಡರ್ ಹಿಂದಿನ ಕಲ್ಲಿದ್ದಲು ಗಾಡಿಯಲ್ಲಿ, ಅಂದರೆ ಟೆಂಡರ್‌ನಲ್ಲಿದೆ. ತೊಂದರೆ ಎರಡು. ನಿಧಾನಕ್ಕೆ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ಫ್ರಾಗ್ (ಅಲ್ಲಿ ಎರಡು ಹಳಿ ಒಂದನ್ನೊಂದು ದಾಟುವ ತುಂಡು) ಮೇಲೆ ಗಕ್ಕನೆ ನಿಲ್ಲುತ್ತದೆ, ಬೆರಳಲ್ಲಿ ತಳ್ಳಿದರೆ ಮತ್ತೆ ಹೊರಡುತ್ತದೆ. ಇನ್ನೊಂದು, ಒಳಸುತ್ತಿನಲ್ಲಿ ನೇರ ಹಳಿ ಮುಗಿದು ತಿರುವು ಶುರುವಾಗುವಲ್ಲಿ ಮುಂದಿನ ನಾಲ್ಕು ಸಣ್ಣ ಗಾಲಿಗಳ ಬೋಗಿ (ತಿರುಗುವ ಗಾಲಿ ಚೌಕಟ್ಟು) ಹಳಿ ಬಿಟ್ಟು ಇಳಿಯುತ್ತದೆ. ಇದೇ ಹಳಿಯ ಮೇಲೆ ನಾಲ್ಕು ಆಕ್ಸಲ್‌ನ ಡೀಸೆಲ್ ಸಲೀಸಾಗಿ ಓಡುತ್ತಿದೆ. ಹಳಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದ್ದೇನೆ. ಕೀಪ್-ಅಲೈವ್ (ಕರೆಂಟ್ ಕ್ಷಣ ತಪ್ಪಿದಾಗ ಎಂಜಿನ್ ಓಡಿಸುವ ಕೆಪಾಸಿಟರ್) ಹಾಕಿದರೆ ಸಾಕೇ? ಬೋಗಿಗೆ ತೂಕ ಸೇರಿಸಲೇ?

ಹಳಿಬೆಸುಗೆ:
ಡೀಸೆಲ್ ಓಡಿತು ಅಂದಮಾತ್ರಕ್ಕೆ ಹಳಿಗೆ ಕ್ಲೀನ್ ಚಿಟ್ ಕೊಡಬೇಡಿ. ಡೀಸೆಲ್‌ನ ಎಂಟೂ ಗಾಲಿ ಕರೆಂಟ್ ಎತ್ತುತ್ತವೆ. ಎರಡು ಬೋಗಿಗಳೂ ತಮ್ಮಷ್ಟಕ್ಕೆ ಓಲಾಡುವುದರಿಂದ ಹಳಿಯ ಏರುತಗ್ಗನ್ನು ನುಂಗಿಕೊಳ್ಳುತ್ತವೆ. ನಿಮ್ಮ ಪೆಸಿಫಿಕ್‌ನ ಆರು ದೊಡ್ಡ ಗಾಲಿ ಗಟ್ಟಿ ಚೌಕಟ್ಟಿನಲ್ಲಿ ಕೂತಿವೆ. ಅದರಲ್ಲಿ ಒಂದು ಜೋಡಿಗೆ ರಬ್ಬರ್ ಟೈರ್ ಇದ್ದರೆ ಆ ಎರಡು ಗಾಲಿ ಕರೆಂಟಿನ ಲೆಕ್ಕಕ್ಕೇ ಇಲ್ಲ. ಮುಂದಿನ ಬೋಗಿಗೆ ಸಾಮಾನ್ಯವಾಗಿ ಪಿಕಪ್ (ಹಳಿಯಿಂದ ಕರೆಂಟ್ ಎತ್ತುವ ಸಂಪರ್ಕ) ಇರುವುದಿಲ್ಲ. ಹಾಗಾಗಿ ಕರೆಂಟ್ ಎತ್ತುವ ಭಾರವೆಲ್ಲ ಟೆಂಡರ್ ಗಾಲಿಗಳ ಮೇಲೆ.

ಮೊದಲು ಯಾವ ಗಾಲಿ ಬದುಕಿದೆ ಎಂದು ನೋಡಿ. ಎಂಜಿನ್ ಮತ್ತು ಟೆಂಡರ್ ಎರಡನ್ನೂ ಸ್ಪಂಜಿನ ಮೇಲೆ ಕವುಚಿ ಮಲಗಿಸಿ, ಮಲ್ಟಿಮೀಟರನ್ನು ಬೀಪ್‌ಗೆ ಇಡಿ. ಡಿಕೋಡರ್‌ನ ಕೆಂಪು ವೈರು ಬಲ ಹಳಿಯದು, ಕಪ್ಪು ಎಡ ಹಳಿಯದು. ಒಂದು ಮೊನೆಯನ್ನು ಕೆಂಪಿಗೆ ಹಿಡಿದು ಇನ್ನೊಂದನ್ನು ಬಲಬದಿಯ ಒಂದೊಂದೇ ಗಾಲಿಯ ಅಂಚಿಗೆ ಮುಟ್ಟಿಸಿ. ಆಮೇಲೆ ಕಪ್ಪು, ಎಡಬದಿ. ಕವುಚಿದಾಗ ಎಡ-ಬಲ ಅದಲುಬದಲಾಗಿ ಕಾಣುತ್ತದೆ, ಹುಷಾರು. ಗಾಲಿ ಉರುಳಿಸುತ್ತಲೇ ಪರೀಕ್ಷಿಸಿ. ನಿಂತಾಗ ಬೀಪ್ ಬಂದು ಉರುಳಿದಾಗ ತಪ್ಪಿಹೋಗುವುದೇ ಹೆಚ್ಚು.

ಇನ್ನು ಪಾಯಿಂಟ್. ಫ್ರಾಗ್ ಪ್ಲಾಸ್ಟಿಕ್ಕಿನದಾದರೆ ಅಲ್ಲಿ ಕರೆಂಟೇ ಇಲ್ಲ, ಏನೂ ಮಾಡಲಾಗದು. ಲೋಹದ್ದಾಗಿ ಅಡಿಯಲ್ಲಿ ವೈರು ಬಿಟ್ಟಿದ್ದರೆ ಅದನ್ನು ಪಾಯಿಂಟ್ ಮೋಟರ್‌ನ ಸ್ವಿಚ್‌ಗೆ ಕೊಡಿ, ಪಾಯಿಂಟ್ ತಿರುಗಿದ ಕಡೆಗೆ ತಕ್ಕಂತೆ ಫ್ರಾಗ್‌ನ ಧ್ರುವ ಬದಲಾಗಬೇಕು. ಸ್ವಿಚ್ ಇಲ್ಲದವರಿಗೆ ಫ್ರಾಗ್ ಜ್ಯೂಸರ್ ಎಂಬ ಸಣ್ಣ ಸರ್ಕ್ಯೂಟ್ ಇದೆ, ಶಾರ್ಟ್ ಕಂಡ ಕೂಡಲೇ ತಾನೇ ಧ್ರುವ ಬದಲಿಸುತ್ತದೆ. ಚಲಿಸುವ ಬ್ಲೇಡ್‌ಗಳನ್ನೂ ಮರೆಯಬೇಡಿ. ಬದಿಯ ಹಳಿಗೆ ತಾಗಿಕೊಂಡೇ ಕರೆಂಟ್ ಪಡೆಯುವ ಬ್ಲೇಡ್ ಬಣ್ಣ ಬಳಿದಾಗಲೋ ಬ್ಯಾಲಸ್ಟ್ (ಹಳಿಯ ಜಲ್ಲಿ) ಅಂಟಿಸಿದಾಗಲೋ ಸತ್ತುಹೋಗುತ್ತದೆ. ಸಣ್ಣ ವೈರಿನಿಂದ ಪ್ರತಿ ಬ್ಲೇಡನ್ನೂ ತನ್ನ ಬದಿಯ ಹಳಿಗೆ ಬೆಸೆದುಬಿಡಿ. ಆದರೆ ಬ್ಲೇಡ್ ಮತ್ತು ಫ್ರಾಗ್ ಒಂದೇ ತುಂಡಾಗಿರುವ ಪಾಯಿಂಟಿನಲ್ಲಿ ಇದನ್ನು ಮಾಡುವ ಮುನ್ನ ನಡುವೆ ಕತ್ತರಿಸಲೇಬೇಕು, ಇಲ್ಲದಿದ್ದರೆ ನೇರವಾಗಿ ಶಾರ್ಟ್.

ಹಳಿ ಜೋಡಿಸುವ ಜಾಯಿನರ್‌ಗಳನ್ನು ಕರೆಂಟಿಗೆ ನೆಚ್ಚಿಕೊಳ್ಳುವುದು ಬೇಡ. ಪ್ರತಿ ತುಂಡಿಗೆ, ಹೆಚ್ಚೆಂದರೆ ಮೀಟರಿಗೊಂದು ಫೀಡರ್ (ಹಳಿಗೆ ಕರೆಂಟ್ ತರುವ ವೈರು). ಪರೀಕ್ಷೆ ಸುಲಭ: ದೂರದ ಮೂಲೆಯಲ್ಲಿ ಎರಡೂ ಹಳಿಗೆ ಅಡ್ಡಲಾಗಿ ನಾಣ್ಯ ಇಡಿ, ಕಮಾಂಡ್ ಸ್ಟೇಷನ್ (ಡಿಸಿಸಿಯ ನಿಯಂತ್ರಣ ಪೆಟ್ಟಿಗೆ) ಕ್ಷಣದಲ್ಲೇ ಟ್ರಿಪ್ ಆಗಬೇಕು. ತಡವರಿಸಿದರೆ ವೈರಿಂಗ್ ಸಾಲದು ಎಂದರ್ಥ.

ಮೂರನೇ ಸಿಗ್ನಲ್:
ಹಳಿ ತಪ್ಪುವುದರ ಬಗ್ಗೆ ನಾನು ಹೇಳುತ್ತೇನೆ. ತೂಕ ಕೊನೆಯ ಉಪಾಯ, ಮೊದಲನೆಯದಲ್ಲ.

ಬೋಗಿಯ ಗಾಲಿಗಳ ಒಳಮೈ ಅಂತರ ಅಳೆಯಿರಿ. ಎರಡು ಹಳಿಗಳ ಅಂತರ 16.5 ಮಿ.ಮೀ. ಇರುವಲ್ಲಿ ಅದು 14.4–14.5ರ ಆಸುಪಾಸು ಇರಬೇಕು. ಕಡಿಮೆಯಾದರೆ ಪಾಯಿಂಟಿನ ಚೆಕ್ ರೈಲಿಗೆ (ಗಾಲಿಗೆ ದಾರಿ ತೋರಿಸುವ ಒಳಹಳಿ) ಒರೆಸಿಕೊಂಡು ಹತ್ತುತ್ತದೆ. ಹೆಚ್ಚಾದರೆ ಫ್ಲಾಂಜ್‌ಗಳು (ಗಾಲಿಯ ಒಳಬದಿಯ ಅಂಚುಗಳು) ಹಳಿಗಳ ನಡುವೆ ಬಿಗಿಯಾಗಿ ಸಿಕ್ಕಿ, ಬಿಗಿ ತಿರುವಿನಲ್ಲಿ ಮೇಲೇರುತ್ತವೆ. ನಿಮ್ಮದು ತಿರುವಿನ ಬಾಯಲ್ಲೇ ತಪ್ಪುತ್ತಿರುವುದರಿಂದ ಎರಡನೆಯದರ ಮೇಲೆ ಅನುಮಾನ.

ಅಳತೆ ಸರಿಯಿದ್ದರೆ ಕರೆಂಟ್ ತೆಗೆದು ಎಂಜಿನ್ನನ್ನು ಆ ಜಾಗದಲ್ಲಿ ಕೈಯಿಂದ ಇಂಚಿಂಚಾಗಿ ತಳ್ಳಿ, ಟಾರ್ಚ್ ಬಿಟ್ಟು ಹಳಿಯ ಮಟ್ಟದಿಂದ ನೋಡಿ. 457ರ ತಿರುವು ಪೆಸಿಫಿಕ್‌ಗೆ ತೀರಾ ಇಕ್ಕಟ್ಟು. ಬೋಗಿ ಪಕ್ಕಕ್ಕೆ ವಾಲಿದಾಗ ಹಿಂದಿನ ಗಾಲಿ ಸಿಲಿಂಡರಿನ ಹಿಂಬದಿಗೆ ತಾಗುತ್ತದೆ. ತಾಗಿದ ಕಡೆ ಬಣ್ಣ ಸವೆದು ಲೋಹ ಹೊಳೆಯುತ್ತಿರುತ್ತದೆ. ಸಿಲಿಂಡರ್ ಲೋಹದ್ದಾದರೆ ಅಲ್ಲೇ ಕ್ಷಣಿಕ ಶಾರ್ಟ್ ಕೂಡ ಆಗಿ, ಜನ ಅದನ್ನು ಕೊಳೆ ಅಂದುಕೊಂಡು ಹಳಿ ಉಜ್ಜುತ್ತಾ ಕೂರುತ್ತಾರೆ. ಬೋಗಿಯ ಸ್ಕ್ರೂ ಪೂರ್ತಿ ಬಿಗಿದಿದ್ದರೂ ಬೋಗಿ ತಿರುಗದು. ಸ್ಪ್ರಿಂಗ್ ಇದ್ದರೆ ಅದರ ಒತ್ತಡ ಬೋಗಿಯನ್ನು ಹಳಿಗೆ ಕೂರಿಸುವಷ್ಟು ಮಾತ್ರ ಇರಲಿ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಮುಂದಿನ ದೊಡ್ಡ ಗಾಲಿಯ ಭಾರ ಹಗುರಾಗಿ ಎಳೆತ ಹೋಗುತ್ತದೆ.

ಹಳಿಯ ಕಡೆಯೂ ನೋಡಿ. ನೇರದಿಂದ ಒಮ್ಮೆಲೇ 457ಕ್ಕೆ ತಿರುಗಿಸುವ ಬದಲು ನಡುವೆ ದೊಡ್ಡ ತ್ರಿಜ್ಯದ ಒಂದು ತುಂಡು ಹಾಕಿದರೆ ಬೋಗಿಗೆ ಧಕ್ಕೆ ಕಡಿಮೆ. ಜಾಯಿಂಟ್ ಮೇಲೆ ಉಗುರು ಎಳೆಯಿರಿ. ಸಿಕ್ಕಿದರೆ ಹಳಿಯ ಒಳ ಅಂಚನ್ನು ಸಣ್ಣ ಅರದಿಂದ ತೀಡಿ. ಎರಡು ಹಳಿಗಳ ಮಟ್ಟ ಒಂದೇ ಇಲ್ಲದೆ ತಿರುಚಿಕೊಂಡಿದ್ದರೆ ಸ್ಲೀಪರ್ ಅಡಿ ದಪ್ಪ ಕಾಗದದ ಚೂರು ತುರುಕಿ ಸಮ ಮಾಡಿ.

ಟೆಂಡರ್ 62:
ಕೀಪ್-ಅಲೈವ್ ಬಗ್ಗೆ ಎರಡು ಮಾತು. ಅದು ದೋಷ ಮುಚ್ಚುತ್ತದೆಯೇ ಹೊರತು ನೀಗಿಸುವುದಿಲ್ಲ. ಪಿಕಪ್ ಸರಿಯಾದ ಮೇಲೆ ಹಾಕಿ. ಕೈಯಲ್ಲೇ ಕಟ್ಟುವುದಾದರೆ 2.7 ವೋಲ್ಟ್‌ನ ಸೂಪರ್ ಕೆಪಾಸಿಟರ್ ಆರು, ಒಂದರ ಹಿಂದೆ ಒಂದು. ಐದು ಹಾಕಿದರೆ ಒಟ್ಟು 13.5 ವೋಲ್ಟ್, ಎಚ್‌ಓ ಹಳಿಯ 14–15 ವೋಲ್ಟ್‌ಗೆ ಸಾಲದು. ಚಾರ್ಜ್ ಆಗುವಾಗ ಕರೆಂಟ್ ನುಗ್ಗದಂತೆ 100 ಓಮ್ ರೆಸಿಸ್ಟರ್, ಅದಕ್ಕೆ ಸಮಾನಾಂತರವಾಗಿ ಒಂದು ಡಯೋಡ್. ಡಯೋಡಿನ ಪಟ್ಟಿ ಇರುವ ತುದಿ ಡಿಕೋಡರ್‌ನ ನೀಲಿ (ಪಾಸಿಟಿವ್) ವೈರಿನ ಕಡೆಗೆ. ನೆಗೆಟಿವ್ ತುದಿಯನ್ನು ಡಿಕೋಡರ್‌ನ ಗ್ರೌಂಡ್ ಬಿಂದುವಿಗೆ ಕೊಡಬೇಕು, ಕಪ್ಪು ವೈರಿಗಲ್ಲ! ಆಮೇಲೆ ಸಿವಿ 29ರಲ್ಲಿ (ಸಿವಿ ಅಂದರೆ ಡಿಕೋಡರ್‌ನ ಸೆಟ್ಟಿಂಗ್) ಅನಲಾಗ್ ಓಟ, ಅಂದರೆ ಡಿಸಿಸಿ ಇಲ್ಲದ ಸಾದಾ ಕರೆಂಟಿನ ಓಟ, ಆಫ್ ಮಾಡಿ: 6 ಇದ್ದರೆ 2, ಉದ್ದದ ವಿಳಾಸವಿದ್ದು 38 ಇದ್ದರೆ 34. ಇಲ್ಲವಾದರೆ ಸಿಗ್ನಲ್ ತಪ್ಪಿದಾಗ ಎಂಜಿನ್ ಹುಚ್ಚು ಹಿಡಿದಂತೆ ಓಡಬಹುದು. ಪ್ರೋಗ್ರಾಮಿಂಗ್ ಹಳಿಯಲ್ಲಿ ಸಿವಿ ಓದಲು ತೊಡಕು ಕೊಟ್ಟರೆ ಕೆಪಾಸಿಟರ್ ಕಳಚಿ ಓದಿ.

ಅಂದಹಾಗೆ, ಆಲ್ಕೋಹಾಲ್ ನನಗೆ ಒಪ್ಪಿಗೆಯಿಲ್ಲ. ಅದು ಧ್ರುವೀಯ ದ್ರಾವಕ, ಉಳಿದ ಪದರ ಕಿಡಿ ಹಾರಿಸಿ ಕಪ್ಪು ಕೊಳೆಯನ್ನು ಬೇಗ ಕೂರಿಸುತ್ತದೆ. ವೈಟ್ ಸ್ಪಿರಿಟ್‌ನಿಂದ (ಪೆಟ್ರೋಲಿಯಂ ದ್ರಾವಕ) ಒರೆಸಿದ ಹಳಿ ಹೆಚ್ಚು ದಿನ ಶುಚಿಯಾಗಿರುತ್ತದೆ.

ಹಳಿಬೆಸುಗೆ:
ಟೆಂಡರ್ ಅವರೇ, ಬಟ್ಟೆಯಿಂದ ಪೂರ್ತಿ ಒರೆಸಿ ಒಣಗಿಸಿದರೆ ನಿತ್ಯದ ಓಡಾಟದಲ್ಲಿ ಇವೆರಡರ ನಡುವೆ ಅಷ್ಟು ದೊಡ್ಡ ವ್ಯತ್ಯಾಸ ಕಾಣದು. ವೈಟ್ ಸ್ಪಿರಿಟ್ ಬಳಸುವವರು ಕಿಟಕಿ ತೆರೆದಿಡಿ, ಪಾಲಿಸ್ಟೈರೀನ್ ಭಾಗಗಳಿಂದ ದೂರವಿಡಿ. ಒರಟು ಸ್ಯಾಂಡ್‌ಪೇಪರ್ ಮಾತ್ರ ಬೇಡವೇ ಬೇಡ, ಗೀರುಗಳೊಳಗೆ ಕೊಳೆ ಮನೆ ಮಾಡುತ್ತದೆ.

ಉಗಿಪ್ರಿಯ:
ಎಲ್ಲರಿಗೂ ಧನ್ಯವಾದ. ಟೆಂಡರ್‌ನ ಎಡಬದಿಯ ನಾಲ್ಕು ಗಾಲಿಗಳಲ್ಲಿ ಮೂರಕ್ಕೆ ಬೀಪ್ ಇಲ್ಲ. ಬೋಗಿಯ ಮುಂದಿನ ಆಕ್ಸಲ್‌ನಲ್ಲಿ ಒಳಮೈ ಅಂತರ 14.8. ಇವೆರಡನ್ನೂ ಸರಿ ಮಾಡುವುದು ಹೇಗೆ?

ಮೂರನೇ ಸಿಗ್ನಲ್:
14.8 ಅಂದರೆ ಸಿಕ್ಕಿತು. ಆಕ್ಸಲನ್ನು ಬೋಗಿಯಿಂದ ಬಿಡಿಸಿ, ಎರಡೂ ಗಾಲಿ ಹಿಡಿದು ತಿರುಚುತ್ತಾ ಒಳಕ್ಕೆ ಒತ್ತಿ. ಒಂದನ್ನೇ 0.3 ಮಿ.ಮೀ. ಒತ್ತಬೇಡಿ, ಎರಡೂ ಬದಿಯಿಂದ ಅರ್ಧರ್ಧ. ಇಲ್ಲದಿದ್ದರೆ ಜೋಡಿ ಒಂದು ಬದಿಗೆ ಸರಿದು ಸಿಲಿಂಡರಿಗೆ ತಾಗುತ್ತದೆ. ನೇರವಾಗಿ ಒತ್ತದೆ ಓರೆ ಮಾಡಿದರೆ ಗಾಲಿ ತೂಗಾಡುತ್ತದೆ. ಒತ್ತಿದ ಮೇಲೆ ಗಾಜಿನ ಮೇಲೆ ಉರುಳಿಸಿ ನೋಡಿ.

ದೊಡ್ಡ ಗಾಲಿಗಳಿಗೆ ಈ ಉಪಾಯ ಹೂಡಲೇಬೇಡಿ. ಎರಡು ಬದಿಯ ಕ್ರ್ಯಾಂಕ್‌ಗಳ ನಡುವಿನ 90 ಡಿಗ್ರಿ ಜಾರಿದರೆ ರಾಡ್‌ಗಳು ಹಿಡಿದುಕೊಂಡು ಎಂಜಿನ್ ಪ್ರತಿ ಸುತ್ತಿಗೂ ಕುಂಟುತ್ತದೆ. ಮತ್ತೆ ಕೂರಿಸಲು ಆ ಕೋನ ಹಿಡಿದಿಡುವ ಕ್ವಾರ್ಟರಿಂಗ್ ಜಿಗ್ ಎಂಬ ಸಾಧನ ಬೇಕು.

ಹಳಿಬೆಸುಗೆ:
ಟೆಂಡರ್ ಬೋಗಿ ಬಿಡಿಸಿದರೆ ಗಾಲಿಯ ಬೆನ್ನಿಗೋ ಆಕ್ಸಲ್‌ಗೋ ತಾಗುವ ತೆಳು ಕಂಚಿನ ಪಟ್ಟಿ ಕಾಣುತ್ತದೆ. ಗಾಲಿಯ ಬೆನ್ನಿನಲ್ಲಿ ಕಪ್ಪಗೆ ಗಟ್ಟಿಯಾದ ಎಣ್ಣೆ ಇದ್ದರೆ ಕಡ್ಡಿಗೆ ಹತ್ತಿ ಸುತ್ತಿ ತೆಗೆಯಿರಿ. ಆಮೇಲೆ ಚಿಮಟಿಯಿಂದ ಪಟ್ಟಿಯನ್ನು ಕೂದಲೆಳೆಯಷ್ಟು ಬಗ್ಗಿಸಿ. ಟೆಂಡರನ್ನು ಓರೆ ಹಲಗೆಯ ಮೇಲಿಟ್ಟರೆ ತಾನಾಗಿ ಉರುಳಬೇಕು. ಗಾಲಿ ಉರುಳದೆ ಜಾರಿದರೆ ಪಟ್ಟಿ ಬ್ರೇಕ್ ಹಿಡಿದಿದೆ, ಸ್ವಲ್ಪ ಸಡಿಲಿಸಿ. ಪಟ್ಟಿಗೆ ಎಣ್ಣೆ ಬಿಡಬೇಡಿ. ಮೂರಕ್ಕೆ ಮೂರೂ ಒಂದೇ ಬದಿಯವು ಆಗಿರುವುದರಿಂದ ಪಟ್ಟಿಯಿಂದ ಡಿಕೋಡರ್‌ಗೆ ಹೋಗುವ ಕಪ್ಪು ವೈರಿನ ಬೆಸುಗೆಯನ್ನೂ ಒಮ್ಮೆ ಮೆಲ್ಲಗೆ ಎಳೆದು ನೋಡಿ, ಬೋಗಿ ತಿರುಗಿ ತಿರುಗಿ ಬುಡದಲ್ಲೇ ತುಂಡಾಗಿರುವುದು ಸಾಮಾನ್ಯ.