ಬೇರ್ಪಡಿಸುವ ಪ್ರಯೋಗಗಳು: ಪ್ರಾಜೆಕ್ಟ್, ಅಂಕಗಳ ಬಗ್ಗೆ ಮೇಷ್ಟ್ರನ್ನು ಕೇಳಿ

(ಹಾಸನ, ಚಿಕ್ಕಮಗಳೂರು ಕಡೆಯ ಕೆಮಿಸ್ಟ್ರಿ ಅಧ್ಯಾಪಕರ ಗುಂಪು. ಉತ್ತರಿಸುವವರು ಹಾಸನದ ನಿವೃತ್ತ ಪ್ರಾಧ್ಯಾಪಕರು.)

ಉಪನ್ಯಾಸಕಿ, ಚಿಕ್ಕಮಗಳೂರು: ನಮಸ್ಕಾರ ಸರ್. ಬಿಎಸ್ಸಿ ಮಕ್ಕಳಿಗೆ ಕಾಫಿ ಪುಡಿಯಿಂದ ಕೆಫೀನ್ ತೆಗೆಯುವ ಪ್ರಾಜೆಕ್ಟ್ ಕೊಡೋಣ ಅಂತಿದ್ದೇನೆ. ಬ್ಯಾಚಿಗೆ 30 ಜನ. ಕೆಫೀನ್ ಕರಗಿಸಿ ತೆಗೆಯುವ ದ್ರಾವಕ ಡೈಕ್ಲೋರೋಮೀಥೇನ್ ಇದೆ. ಆವಿ ಹೊರಗೆಳೆಯುವ ಫ್ಯೂಮ್ ಹುಡ್ ಕೆಟ್ಟಿದೆ, ಕಿಟಕಿ ತೆಗೆದರೆ ಸಾಕಲ್ವಾ? ಎಷ್ಟು ಗ್ರಾಂ ಬಂದರೆ ಪೂರ್ತಿ ಅಂಕ ಕೊಡಲಿ?

ಮೇಷ್ಟ್ರು: ಸಾಲದು ಮೇಡಂ. ಡೈಕ್ಲೋರೋಮೀಥೇನ್ 40 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಕೈಯ ಬಿಸಿಗೇ ಸೆಪರೇಟಿಂಗ್ ಫನಲ್ (ನೀರು, ದ್ರಾವಕ ಬೇರ್ಪಡಿಸುವ ಗಾಜಿನ ಪಾತ್ರೆ) ಒಳಗೆ ಒತ್ತಡ ಏರುತ್ತದೆ. ಆವಿ ಗಾಳಿಗಿಂತ ಭಾರ, ಕಿಟಕಿ ಹುಡುಕಿಕೊಂಡು ಹೋಗುವುದಿಲ್ಲ. ಉಸಿರಲ್ಲಿ ಒಳಗೆ ಹೋದದ್ದರಲ್ಲಿ ಒಂದಷ್ಟು ದೇಹದಲ್ಲೇ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. 30 ಮಕ್ಕಳು ಒಟ್ಟಿಗೆ ಅದನ್ನು ಆವಿ ಮಾಡುತ್ತಾ ನಿಂತರೆ? ನನಗೆ ಭಯವಾಗುತ್ತದೆ. ಹುಡ್ ರಿಪೇರಿ ಆಗುವ ತನಕ ಈ ಪ್ರಯೋಗ ಬೇಡ.

ಅಷ್ಟರವರೆಗೆ ಏಲಕ್ಕಿಯನ್ನು ಹಬೆಯಲ್ಲಿ ಬಟ್ಟಿ ಇಳಿಸಲಿ. ನಿಮ್ಮ ಕಡೆ ಬೆಳೆಯುವುದೇ ತಾನೆ. ಅದರ ಎಣ್ಣೆಯಲ್ಲಿರುವ ಸಿನಿಯೋಲ್ ಒಂಟಿಯಾಗಿ ಕುದಿಯುವುದು ಸುಮಾರು 176 ಡಿಗ್ರಿಗೆ. ನೀರಿನ ಹಬೆ ಜೊತೆ ಸೇರಿದರೆ 100ರ ಒಳಗೇ ಬರುತ್ತದೆ. ಯಾಕೆ ಅಂತ ವೈವಾದಲ್ಲಿ ಕೇಳಿ.

ಇನ್ನು ಅಂಕ. ಇಳುವರಿಗೆ ಅಂಕ ಇಟ್ಟರೆ ಮಕ್ಕಳು ತೂಕ ತಿದ್ದುತ್ತಾರೆ, ಇಲ್ಲವೇ ಒದ್ದೆ ಪುಡಿ ತೂಗುತ್ತಾರೆ. ಅದರ ಬದಲು ಪ್ರಯೋಗಕ್ಕೆ ಮುಂಚೆ ಲೆಕ್ಕ ಮಾಡಿಸಿ. 100 ಮಿ.ಲೀ. ನೀರು, 60 ಮಿ.ಲೀ. ದ್ರಾವಕ, ವಿತರಣಾ ಗುಣಾಂಕ 4, ಅಂದರೆ ದ್ರಾವಕದಲ್ಲಿ ಕೆಫೀನ್ ಸಾಂದ್ರತೆ ನೀರಿನದರ 4 ಪಟ್ಟು, ಅಂತಿಟ್ಟುಕೊಳ್ಳಿ. ಒಂದೇ ಸಲ ಸುರಿದರೆ ಶೇ. 29 ನೀರಲ್ಲೇ ಉಳಿಯುತ್ತದೆ. 20ರಂತೆ 3 ಸಲ ಹಾಕಿದರೆ ಉಳಿಯುವುದು ಶೇ. 17. ಮುಗಿದ ಮೇಲೆ, ಸಿಗದೇ ಹೋದದ್ದು ಎಲ್ಲಿ ಹೋಯಿತು ಅಂತ ಬರೆಸಿ. ಅರ್ಧ ಅಂಕ ಈ ಎರಡಕ್ಕೇ ಇಡಿ.

ವಿದ್ಯಾರ್ಥಿ, ಕಡೂರು: ಸರ್, ಕೆಫೀನ್ ತೆಗೆಯುವಾಗ ಸೋಡಿಯಂ ಕಾರ್ಬೊನೇಟ್ ಯಾಕೆ ಹಾಕುವುದು?

ಮೇಷ್ಟ್ರು: ಕಾಫಿಯಲ್ಲಿರುವ ಟ್ಯಾನಿನ್ (ಒಗರಿನ ಅಂಶ) ಉಪ್ಪಾಗಿ ನೀರಲ್ಲೇ ಉಳಿಯಲಿ ಅಂತ.

ಸದಸ್ಯ, ಅರಸೀಕೆರೆ: ಫಾರ್ವರ್ಡ್ ಬಂದಿದೆ ಸರ್: ದ್ರಾವಕದ ಆವಿ ಕುಡಿದವರಿಗೆ ಹಾಲು, ಬೆಲ್ಲ ಕೊಟ್ಟರೆ ವಿಷ ಇಳಿಯುತ್ತದಂತೆ. ಆಸಿಡ್ ಬಿದ್ದರೆ ಅಡುಗೆ ಸೋಡಾ ಹಚ್ಚಬೇಕಂತೆ.

ಮೇಷ್ಟ್ರು: ಎರಡೂ ತಪ್ಪು. ದಯವಿಟ್ಟು ಇಲ್ಲಿ ಹಾಕಬೇಡಿ. ಆವಿ ಹೋಗಿರುವುದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ. ತಲೆ ಸುತ್ತಿದವರನ್ನು ಹೊರಗೆ ಕರೆತಂದು ಡಾಕ್ಟರಿಗೆ ತೋರಿಸಿ. ಆಸಿಡ್ ಬಿದ್ದರೆ ಹರಿಯುವ ನೀರಲ್ಲಿ 15 ನಿಮಿಷವಾದರೂ ತೊಳೆಯಬೇಕು. ಚರ್ಮದ ಮೇಲೆ ಸೋಡಾ ಉಜ್ಜಬಾರದು.

ಉಪನ್ಯಾಸಕ, ಹಾಸನ: ಇಳುವರಿಗೆ ಅಂಕ ಬೇಡ ಅಂದರೆ ಹೇಗೆ ಸರ್? ಕಂಪನಿಗೆ ಹೋದರೆ ಅದನ್ನೇ ಕೇಳುತ್ತಾರೆ.

ಉಪನ್ಯಾಸಕಿ, ಸಕಲೇಶಪುರ: ಕಂಪನಿಯಲ್ಲಿ ಶುದ್ಧತೆಯನ್ನೂ ಕೇಳುತ್ತಾರೆ. ನಿಮ್ಮಲ್ಲಿ ಯಾರಾದರೂ ಕರಗುವ ಬಿಂದು ನೋಡುತ್ತಾರಾ?

ಉಪನ್ಯಾಸಕ, ಹಾಸನ: ನೋಡುತ್ತೇವೆ. ನಮ್ಮ ಲ್ಯಾಬಿನ ವಿಷಯ ನಿಮಗೆ ಗೊತ್ತಾ?

ಉಪನ್ಯಾಸಕಿ, ಸಕಲೇಶಪುರ: ಪರೀಕ್ಷಕಿಯಾಗಿ ಬಂದಿದ್ದೆ. ಗೊತ್ತು.

ವಿದ್ಯಾರ್ಥಿನಿ, ಬೇಲೂರು: ಕಾಳುಮೆಣಸಿನಿಂದ ಅದರ ಖಾರದ ಅಂಶ ಪೈಪರಿನ್ ತೆಗೆದರೆ ಎಂಎಸ್ಸಿ ಪ್ರಾಜೆಕ್ಟಿಗೆ ಸಾಕಾಗುತ್ತದಾ ಸರ್?

ಉಪನ್ಯಾಸಕ, ಮೂಡಿಗೆರೆ: ಸರ್, ಹುಡ್ ಇರುವ ಲ್ಯಾಬಲ್ಲೇ ಮಾಡಿಸಿದೆವು. ಅಷ್ಟೇ ತೂಕದ ಪುಡಿ, ಅದೇ ವಿಧಾನ. ಆದರೆ ಒಂದು ಗುಂಪಿಗೆ ಕೆಫೀನ್ ಅರ್ಧದಷ್ಟೇ ಬಂತು. ಮಕ್ಕಳ ತಪ್ಪಾ?

ತೋಟದವರು, ಕೊಪ್ಪ: ಅರೇಬಿಕಾ ಇರಬೇಕು. ರೊಬಸ್ಟಾದಲ್ಲೇ ಜಾಸ್ತಿ.

ಮೇಷ್ಟ್ರು: ಅದೂ ಇರಬಹುದು. ಅರೇಬಿಕಾದಲ್ಲಿ ಶೇ. 1.2ರ ಆಸುಪಾಸು, ರೊಬಸ್ಟಾದಲ್ಲಿ 2ರ ಮೇಲೆ. ಆದರೆ ಮೊದಲು ಪೊಟ್ಟಣ ಓದಿ. ಚಿಕೋರಿ ಬೆರೆಸಿದ ಪುಡಿಯಾ? ಚಿಕೋರಿಯಲ್ಲಿ ಕೆಫೀನೇ ಇಲ್ಲ. ಮಕ್ಕಳ ಅಂಕ ಕಳೆಯಬೇಡಿ. ಚಿಕೋರಿ ಇಲ್ಲದ ಪುಡಿಯನ್ನೂ ಇದನ್ನೂ ಪಕ್ಕಪಕ್ಕ ಮಾಡಿಸಿ. ಇದೇ ಒಳ್ಳೇ ಪ್ರಾಜೆಕ್ಟ್!

ಸದಸ್ಯ, ತರೀಕೆರೆ: ಎಷ್ಟು ಗ್ರಾಂ ಬಂದರೆ ಪೂರ್ತಿ ಅಂಕ ಸರ್?

ಮೇಷ್ಟ್ರು: ಮೇಲೆ ಬರೆದಿದ್ದೇನೆ, ಓದಿ.

ಸದಸ್ಯ, ಅರಸೀಕೆರೆ: ಹಾಲಿನ ವಿಷಯ ಹೇಳಿದವರು ಡಾಕ್ಟರೇ ಸರ್. ವೀಡಿಯೊ ಕಳಿಸಲಾ?

ಮೇಷ್ಟ್ರು: ಬೇಡ ಅಂದೆನಲ್ಲ. ಚಿಕ್ಕಮಗಳೂರಿನ ಮೇಡಂ, ಹುಡ್ ಕೆಟ್ಟಿದೆ ಅಂತ ಪ್ರಿನ್ಸಿಪಾಲರಿಗೆ ಬರೆದು ಕೊಟ್ಟಿರಾ?