16 ತಿಂಗಳಾಯ್ತು, ಇನ್ನೂ ನಡೀತಿಲ್ಲ, ಮಾತೂ ಕಮ್ಮಿ: ಮಕ್ಕಳ ಡಾಕ್ಟರನ್ನು ಕೇಳಿ

ಪ್ರಶ್ನೆ (ದಾವಣಗೆರೆಯ ಅಮ್ಮ, ಈಗ ಬೆಂಗಳೂರು ವಾಸ):

ನಮಸ್ತೆ ಮೇಡಂ. ಮಗನಿಗೆ ಮೊನ್ನೆ 16 ತಿಂಗಳು ತುಂಬಿತು. ಒಂದು ಹೆಜ್ಜೆಯೂ ತಾನಾಗಿ ಇಟ್ಟಿಲ್ಲ. ಅಂಬೆಗಾಲು ಹಾಕಲೇ ಇಲ್ಲ, ಕೂತಲ್ಲೇ ಒಂದು ಕಾಲು ಮಡಚಿಕೊಂಡು ಇನ್ನೊಂದು ಕಾಲಲ್ಲಿ ನೆಲ ಒತ್ತಿ ಒತ್ತಿ ಮನೆ ತುಂಬ ಜರುಗುತ್ತಾನೆ. ಚಡ್ಡಿಗಳ ಹಿಂಭಾಗ ಎಲ್ಲ ಸವೆದು ಹೋಗಿದೆ. ಸೋಫಾ ಅಂಚು ಹಿಡಿದು ಟೀವಿ ಸ್ಟ್ಯಾಂಡ್ ತನಕ ಹೋಗುತ್ತಾನೆ, ಆದರೆ ಮಧ್ಯೆ ಒಂದು ಗೇಣು ಜಾಗ ಖಾಲಿ ಸಿಕ್ಕರೆ ಅಲ್ಲೇ ಕೂತುಬಿಡುತ್ತಾನೆ. ನಾದಿನಿ ಮಗಳು ಹತ್ತು ತಿಂಗಳಿಗೇ ಓಡಾಡಿದಳಂತೆ, ಪ್ರತಿ ಹಬ್ಬಕ್ಕೂ ಇದೇ ಕಥೆ. ಒಬ್ಬರು ವಾಕರ್ ತಂದುಕೊಟ್ಟಿದ್ದಾರೆ, ಕೂರಿಸೋದಾ?

ಮಾತು ಅಂದ್ರೆ "ಅಮ್ಮ", "ಮಮ್ಮು" ಅಷ್ಟೇ. ಅತ್ತೆ ಬಜೆ ತೇದು ಜೇನುತುಪ್ಪದಲ್ಲಿ ನೆಕ್ಕಿಸೋಣ ಅಂತಾರೆ. ನಾನು ಕನ್ನಡ ಮಾತಾಡೋದು, ಅತ್ತೆ ಮಾವ ತೆಲುಗು, ಕೆಲಸದ ಹುಡುಗಿ ಹಿಂದಿ. ಮಗುಗೆ ತಲೆ ಕೆಟ್ಟು ಮಾತೇ ಬರ್ತಿಲ್ಲ, ಒಂದೇ ಭಾಷೆ ಇಟ್ಕೊಳ್ಳಿ ಅಂತ ಪಕ್ಕದ ಮನೆಯವರು. ಊಟ ಮೊಬೈಲ್ ಇಲ್ಲದೆ ಗಂಟಲಲ್ಲಿ ಇಳಿಯಲ್ಲ, ಅದೂ ಒಂದು ತಲೆನೋವು.

ಡಾಕ್ಟರ್:

ಉತ್ತರ ಕೊಡೋಕೆ ಮುಂಚೆ ನನಗೇ ಸ್ವಲ್ಪ ಪ್ರಶ್ನೆ ಇವೆ. ಮಗು ತುಂಬು ತಿಂಗಳಿಗೆ ಹುಟ್ಟಿದ್ದಾ? ಎರಡೂ ಕಾಲಿನ ಮೇಲೆ ಸಮವಾಗಿ ಭಾರ ಹಾಕುತ್ತಾನಾ? ಯಾವಾಗಲೂ ಒಂದೇ ಕೈ ಮುಂದೆ ಮಾಡ್ತಾನಾ? ಹೆಸರು ಕರೆದರೆ ತಿರುಗ್ತಾನಾ? "ಚೆಂಡು ಎಲ್ಲಿ?" ಅಂದರೆ ಹುಡುಕ್ತಾನಾ? ಮುಖ್ಯವಾಗಿ, ಏನಾದರೂ ಕಂಡಾಗ ಬೆರಳು ಮಾಡಿ ತೋರಿಸಿ, ನೀವು ನೋಡಿದಿರಾ ಅಂತ ನಿಮ್ಮ ಮುಖ ನೋಡ್ತಾನಾ? ಇನ್ನೊಂದು, ನಿಮ್ಮ ಯಜಮಾನರು ಚಿಕ್ಕವರಿದ್ದಾಗ ಹೇಗೆ ನಡೆದರು ಅಂತ ಅತ್ತೆಯನ್ನು ಕೇಳಿ.

ದಾವಣಗೆರೆಯ ಅಮ್ಮ:

34 ವಾರಕ್ಕೇ ಹುಟ್ಟಿದ ಮೇಡಂ, ಹನ್ನೆರಡು ದಿನ ಮಕ್ಕಳ ಐಸಿಯುನಲ್ಲಿದ್ದ. ಕಿವಿ ಪರೀಕ್ಷೆ ಮಾಡಿದ್ರು, ಫೈಲಲ್ಲಿ "ಓಎಇ ಪಾಸ್" ಅಂತ ಇದೆ. ಎರಡೂ ಕೈ ಬಳಸ್ತಾನೆ, ಕಾಲೂ ಸಮ. ಕರೆದರೆ ತಿರುಗ್ತಾನೆ. ಚೆಂಡು ಅಂದ್ರೆ ಮಂಚದ ಕೆಳಗಿಂದ ತರ್ತಾನೆ. ಬಾಲ್ಕನಿಯಲ್ಲಿ ಕಾಗೆ ಕೂತರೆ ಬೆರಳು ಮಾಡಿ "ಕಾಕಾ" ಅಂತ ನನ್ನ ಕಡೆ ತಿರುಗ್ತಾನೆ, ನಾನು ನೋಡೋವರೆಗೂ ಬಿಡಲ್ಲ. ಅತ್ತೆಯನ್ನ ಕೇಳಿದೆ. "ಅವನೂ ಹೀಗೇ ಜರುಗ್ತಿದ್ದ, ಒಂದೂವರೆ ವರ್ಷ ಕಳೆದ ಮೇಲೆ ಎದ್ದಿದ್ದು" ಅಂದ್ರು! ಇಷ್ಟು ದಿನ ಮೊಮ್ಮಗಳ ಕಥೆ ಮಾತ್ರ ಹೊರಗೆ ಬರ್ತಿತ್ತು.

ಡಾಕ್ಟರ್:

ಅರ್ಧ ಉತ್ತರ ನಿಮ್ಮ ಅತ್ತೆಯೇ ಕೊಟ್ಟುಬಿಟ್ಟರು. ಕೂತು ಜರುಗುವ ಮಕ್ಕಳು ನಡೆಯೋದು ತಡ, ಒಂದೂವರೆಯಿಂದ ಎರಡು ವರ್ಷದ ತನಕವೂ ಎಳೆಯುತ್ತೆ, ಮತ್ತೆ ಇದು ವಂಶದಲ್ಲಿ ಬರುತ್ತೆ.

ಎರಡನೇದು ವಯಸ್ಸಿನ ಲೆಕ್ಕ. 40 ವಾರದ ಬದಲು 34ಕ್ಕೆ ಹುಟ್ಟಿದ್ದಾನೆ, ಅಂದರೆ ಆರು ವಾರ ಮುಂಚೆ. ಅದನ್ನು ಕಳೆದರೆ ಈಗ ಅವನಿಗೆ ಹದಿನಾಲ್ಕೂವರೆ ತಿಂಗಳು. ಬೆಳವಣಿಗೆ ನೋಡುವಾಗ ಎರಡು ವರ್ಷದವರೆಗೂ ಈ ಕರೆಕ್ಟೆಡ್ ವಯಸ್ಸನ್ನೇ ಹಿಡಿಯಬೇಕು. ಲಸಿಕೆಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ, ಅದನ್ನು ಮುಂದೆ ಹಾಕಬೇಡಿ.

ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಂಕಿಯಲ್ಲಿ, ಮಗು ತಾನಾಗಿ ನಡೆಯುವ ಕಾಲ ಸುಮಾರು 8ರಿಂದ 17.6 ತಿಂಗಳು. ನಮ್ಮ ಕಡೆಯ ಅಧ್ಯಯನ ನಡೆದಿದ್ದು ದೆಹಲಿಯಲ್ಲಿ. ಐದೂ ದೇಶ ಸೇರಿದ ಆ ಅಧ್ಯಯನದಲ್ಲಿ ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲು ಹಾಕದೆಯೇ ನಡೆದವು. ನಾದಿನಿ ಮಗಳೂ ಸರಿ, ನಿಮ್ಮ ಮಗನೂ ಸರಿ. ಕರೆಕ್ಟೆಡ್ 18 ತಿಂಗಳಾದರೂ ನಡೆಯದಿದ್ದರೆ ಕರೆದುಕೊಂಡು ಬನ್ನಿ, ಸೊಂಟದ ಕೀಲು, ಥೈರಾಯ್ಡ್ ನೋಡ್ತೀವಿ, ಗಂಡುಮಗುವಾದ್ದರಿಂದ ಸ್ನಾಯುವಿಗೆ ಸಂಬಂಧಪಟ್ಟ ಸಿಪಿಕೆ ಅನ್ನೋ ರಕ್ತಪರೀಕ್ಷೆಯನ್ನೂ ಸೇರಿಸ್ತೀವಿ. ಒಂದು ಕಾಲು ಎಳೆಯೋದು, ವರ್ಷ ತುಂಬುವ ಮುಂಚೆಯೇ ಒಂದೇ ಕೈ ಬಳಸೋದು, ಮೈ ಬಿಗಿ ಇಲ್ಲವೇ ತೀರಾ ಸಡಿಲ, ಇಂಥದ್ದಿದ್ದರೆ 18ರ ತನಕ ಕಾಯುವ ಹಾಗೇ ಇಲ್ಲ. ನೀವು ಹೇಳಿದ್ದರಲ್ಲಿ ಅದ್ಯಾವುದೂ ಕಾಣ್ತಿಲ್ಲ.

ವಾಕರ್ ವಾಪಸ್ ಕೊಡಿ. ಬೇರೆಯವರ ಮನೆಗೂ ದಾಟಿಸಬೇಡಿ, ಅಲ್ಲೂ ಒಂದು ಮಗು ಇರುತ್ತೆ. ಕೆನಡಾ 2004ರಲ್ಲೇ ಇದರ ಮಾರಾಟ ನಿಷೇಧಿಸಿದೆ. ಅದರಲ್ಲಿ ಕೂತ ಮಗು ಬೆರಳ ತುದಿಯಲ್ಲಿ ನೆಲ ಒದ್ದು ಜಾರುತ್ತೆ, ತನ್ನ ಪಾದ ತನಗೇ ಕಾಣಲ್ಲ, ಬ್ಯಾಲೆನ್ಸ್ ಮಾಡುವ ಕೆಲಸವೇ ಇರಲ್ಲ. ನಡಿಗೆ ಬೇಗ ಬರೋದಿಲ್ಲ, ತಡವಾಗಬಹುದು. ನೀವು ಒಲೆ ಕಡೆ ತಿರುಗುವಷ್ಟರಲ್ಲಿ ಮೆಟ್ಟಿಲ ಹತ್ತಿರ ಇರ್ತಾನೆ, ಟೇಬಲ್ ಮೇಲಿನ ಬಿಸಿ ಸಾರಿಗೂ ಕೈ ಎಟುಕುತ್ತೆ.

ಬದಲಿಗೆ ಆ ಒಂದು ಗೇಣಿನ ಜಾಗವನ್ನೇ ಬಳಸಿಕೊಳ್ಳಿ. ಅವನು ಎಲ್ಲಿ ಕೂತುಬಿಡ್ತಾನೋ ಅಲ್ಲೇ ಅವನ ಪಾಠ ಇರೋದು. ಸೋಫಾ ಪಕ್ಕ ಗಟ್ಟಿ ಸ್ಟೂಲ್ ಇಟ್ಟು, ಒಂದು ಕೈ ಬಿಡದೆ ಇನ್ನೊಂದು ಕೈ ತಲುಪುವಷ್ಟು ಮಾತ್ರ ಸಂದು ಬಿಡಿ. ಎರಡು ಮೂರು ದಿನಕ್ಕೊಮ್ಮೆ ಅದನ್ನು ನಾಲ್ಕು ಬೆರಳಷ್ಟು ದೂರ ಸರಿಸಿ. ಸ್ಟೂಲ್ ಮೇಲೆ ಚಮಚ, ಸ್ಟೀಲ್ ಬಟ್ಟಲು ಇಡಿ, ಆಟಿಕೆಗಿಂತ ಅದಕ್ಕೇ ಆಸೆ ಪಡ್ತಾನೆ. ನಡೆಸುವಾಗ ಕೈ ಮೇಲೆತ್ತಿ ಹಿಡಿಯಬೇಡಿ, ಸೊಂಟ ಹಿಡಿಯಿರಿ. ಮನೆಯೊಳಗೆ ಬರಿಗಾಲೇ ಒಳ್ಳೆಯದು, ಕೀಚ್ ಕೀಚ್ ಅನ್ನೋ ಶೂ ಮದುವೆ ಮನೆಗೆ ಇರಲಿ. ಚನ್ನಪಟ್ಟಣದ ಮರದ ತಳ್ಳೋ ಗಾಡಿ ಇದ್ದರೆ ಬಳಸಬಹುದು, ಮಗು ಅದರಲ್ಲಿ ಕೂರಲ್ಲ, ಹಿಂದೆ ನಿಂತು ತಳ್ಳುತ್ತೆ. ಹಗುರ ಇದ್ದರೆ ಗಾಡಿ ಓಡಿ ಮಗು ಮುಗ್ಗರಿಸುತ್ತೆ, ಅದಕ್ಕೆ ಎರಡು ಕೆಜಿ ಅಕ್ಕಿ ಚೀಲ ಅದರೊಳಗೆ ಇಟ್ಟುಬಿಡಿ.

ಕಬ್ಬಿಣಾಂಶದ ಹನಿ ನಿಲ್ಲಿಸಿಲ್ಲ ತಾನೆ? ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಅದು ಮುಖ್ಯ. ಎಷ್ಟು ಅಂತ ನಿಮ್ಮ ಡಾಕ್ಟರ್ ಹತ್ತಿರ ತೂಕ ತೋರಿಸಿ ಕೇಳಿ.

ಡಾಕ್ಟರ್ (ಮುಂದುವರಿದು, ಮಾತಿನ ಬಗ್ಗೆ):

ಎರಡೇ ಮಾತು ಅಂದಿರಿ. "ಕಾಕಾ" ಬಿಟ್ಟಿರಿ. ಒಂದೇ ವಸ್ತುವಿಗೆ ಪ್ರತಿ ಸಲ ಒಂದೇ ಸದ್ದು ಮಾಡಿದರೆ ಅದು ಪದವೇ. ಬೌ ಬೌ, ಅಂಬಾ, ಟಾಟಾ, ತಾಚಿ, ಹಾಲಿಗೆ "ಆಲು", ಅಜ್ಜಿ ಹತ್ತಿರ ಕಲಿತ "ನೀಳ್ಳು", ಕೆಲಸದ ಹುಡುಗಿಯ "ಪಾನಿ", ಎಲ್ಲವೂ ಲೆಕ್ಕಕ್ಕೆ. ಮೂರು ಭಾಷೆಯ ಪದ ಸೇರಿಸಿಯೇ ಎಣಿಸಬೇಕು. ಹಲವು ಭಾಷೆಯಿಂದ ಮಾತು ತಡವಾಗಲ್ಲ, ಯಾರಿಗೆ ಯಾವ ಭಾಷೆ ಸಲೀಸೋ ಅದರಲ್ಲೇ ಮಾತಾಡಲಿ. ಅತ್ತೆಗೆ ಬಾರದ ಇಂಗ್ಲಿಷಿನಲ್ಲಿ "ಕಮ್, ಸಿಟ್" ಅನ್ನಿಸೋದು ಬೇಡ.

ಆದರೆ ನಾನು ಪದಕ್ಕಿಂತ ಮೊದಲು ನೋಡೋದು ಬೆರಳನ್ನು. ಬಿಸ್ಕೆಟ್ ಬೇಕು ಅಂತ ತೋರಿಸೋದು ಒಂದು ಥರ. ಕಾಗೆ ತೋರಿಸೋದು ಇನ್ನೊಂದು ಥರ. ಕಾಗೆಯಿಂದ ಅವನಿಗೇನೂ ಸಿಗಬೇಕಿಲ್ಲ, ತಾನು ಕಂಡಿದ್ದನ್ನು ನೀವೂ ಕಾಣಬೇಕು ಅಷ್ಟೇ. ಮಾತು ಹುಟ್ಟೋದು ಆ ಆಸೆಯಿಂದ. ಅದು ಇದೆ, ಹೇಳಿದ್ದು ಅರ್ಥ ಆಗುತ್ತೆ ಅಂದರೆ ನನಗೆ ದೊಡ್ಡ ಸಮಾಧಾನ.

ಬಜೆ ಬೇಡ. ಅದರಿಂದ ಮಾತು ಬರುತ್ತೆ ಅನ್ನೋದಕ್ಕೆ ಆಧಾರ ಇಲ್ಲ, ಹೆಚ್ಚಾದರೆ ವಾಂತಿ. ಜೇನುತುಪ್ಪವನ್ನಂತೂ ಒಂದು ವರ್ಷದೊಳಗಿನ ಮಕ್ಕಳಿಗೆ ಯಾರೂ ನೆಕ್ಕಿಸಬಾರದು, ಬಾಟುಲಿಸಂ ಅನ್ನೋ ಅಪಾಯದ ಕಾಯಿಲೆ ಬರಬಹುದು. ಅತ್ತೆಗೆ ಬೇಜಾರಾಗದ ಹಾಗೆ ಹೇಳಿ: ಅವರ ನಾಲಿಗೆಯ ಕಥೆ, ಹಾಡು ಮಗುಗೆ ಬಜೆಗಿಂತ ಹೆಚ್ಚು ಬೇಕು.

ಮೊಬೈಲ್: ಎರಡು ವರ್ಷದೊಳಗೆ ಸ್ಕ್ರೀನೇ ಬೇಡ, ಊರಿನ ಅಜ್ಜ ಅಜ್ಜಿ ಜೊತೆ ವಿಡಿಯೋ ಕಾಲ್ ಒಂದು ಬಿಟ್ಟು. ಭಾರತೀಯ ಮಕ್ಕಳ ವೈದ್ಯರ ಸಂಘ, ಅಂದರೆ ಐಎಪಿ, ಹೇಳೋದೂ ಇದನ್ನೇ. ಒಂದೇ ದಿನಕ್ಕೆ ಕಿತ್ತುಕೊಂಡರೆ ಯುದ್ಧ ಆಗುತ್ತೆ. ಮೊದಲು ಬೆಳಗಿನ ತಿಂಡಿಯದ್ದು ನಿಲ್ಲಿಸಿ, ಇಡ್ಲಿ ತುಂಡು ಅವನ ಕೈಗೇ ಕೊಡಿ, ಅರ್ಧ ನೆಲಕ್ಕೆ ಹೋಗಲಿ. ನಾಲ್ಕೈದು ದಿನ ಕಮ್ಮಿ ತಿಂದಾನು, ಹೆದರಬೇಡಿ.

ಒಬ್ಬ ಸ್ಪೀಚ್ ಥೆರಪಿಸ್ಟ್ (ಮೈಸೂರು):

ಡಾಕ್ಟರ್ ಮಾತಿಗೆ ಸ್ವಲ್ಪ ಸೇರಿಸ್ತೀನಿ. ನಮ್ಮ ಮನೆಗಳಲ್ಲಿ ಮಗುವಿನ ಜೊತೆ ಮಾತಾಡೋದಕ್ಕಿಂತ ಪರೀಕ್ಷೆ ಮಾಡೋದೇ ಜಾಸ್ತಿ. "ಇದೇನು ಹೇಳು? ಆಂಟಿಗೆ ಹೇಳು, ಬೌ ಬೌ ಏನನ್ನುತ್ತೆ?" ಹತ್ತು ಜನರೆದುರು ಹೀಗೆ ಕೇಳಿದರೆ ದೊಡ್ಡವರೂ ಬಾಯಿ ಮುಚ್ಚಿಕೊಳ್ತಾರೆ. ಕೇಳೋದು ಬಿಟ್ಟು ಹೇಳಿ. ಸ್ನಾನಕ್ಕೆ ಕೂರಿಸಿದಾಗ "ನೀರು. ಬಿಸಿ ನೀರು. ಕಾಲಿಗೆ ನೀರು" ಅನ್ನಿ, ಆಮೇಲೆ ಚೊಂಬು ಎತ್ತಿ ಹಿಡಿದು ಸುಮ್ಮನೆ ಕಾಯಿರಿ, ಅವನ ಮುಖ ನೋಡ್ತಾ. ಆ ಸುಮ್ಮನಿರೋದೇ ಎಲ್ಲರಿಗೂ ಕಷ್ಟ. ಅವನು "ಈ" ಅಂದರೂ "ಹೂಂ, ನೀರು!" ಅಂತ ಹಾಕಿ.

ಎರಡು ಲೋಟ ಹಿಡಿದು "ಹಾಲಾ? ನೀರಾ?" ಅಂತ ಆಯ್ಕೆ ಕೊಡಿ. "ಕಾಕಾ" ಅಂದರೆ "ಕಾಕಾ ಹಾರಿಹೋಯ್ತು" ಅಂತ ಒಂದೇ ಪದ ಹೆಚ್ಚು ಸೇರಿಸಿ. ಬಾ, ಕೊಡು, ಬೇಡ, ಹೋಗು, ಇಂಥ ಚಿಕ್ಕ ಪದ ಬೇಗ ಕಚ್ಚಿಕೊಳ್ಳುತ್ತವೆ, "ಬೇಡ" ಅಂತೂ ಎಲ್ಲಕ್ಕಿಂತ ಬೇಗ! ಕೊಡು ಅನ್ನೋಕೆ "ತೊಡು" ಅಂದರೆ ಈ ವಯಸ್ಸಿಗೆ ತಿದ್ದಬೇಡಿ, ನೀವು ಸರಿಯಾಗಿ ಹೇಳಿ ಸಾಕು. ರ, ಳ, ಷ ಎಲ್ಲ ನಿಧಾನಕ್ಕೆ ಬರುವ ಅಕ್ಷರಗಳು.

ಇನ್ನೊಬ್ಬರು (ಅಜ್ಜಿ, ತುಮಕೂರು):

ನಮ್ಮ ಕಡೆ ನಾಲಿಗೆ ಕೆಳಗಿನ ದಾರ ಕತ್ತರಿಸಿದರೆ ಮಾತು ಬರುತ್ತೆ ಅಂತಾರಲ್ಲಮ್ಮ?

ಡಾಕ್ಟರ್:

ಅಜ್ಜಿ, ಆ ದಾರ ತೀರಾ ಗಿಡ್ಡ ಇದ್ದರೆ ಹಾಲು ಕುಡಿಯೋಕೆ, ಮುಂದೆ ಕೆಲವು ಅಕ್ಷರ ನುಡಿಯೋಕೆ ತೊಂದರೆ ಆಗಬಹುದು. ಮಾತೇ ಬಾರದಿರೋದಕ್ಕೆ ಅದು ಕಾರಣ ಅಲ್ಲ.

ಪ್ರಶ್ನೆ (ಧಾರವಾಡದ ತಾಯಿ):

ಮೇಡಂ, ಇಲ್ಲೇ ಕೇಳ್ತೀನ್ರಿ. ನನ್ನ ಮಗಳಿಗೆ 22 ತಿಂಗಳ. ವರ್ಷದಾಗ "ಅಜ್ಜಾ", "ಬಾ", "ತಾ" ಅಂತಿದ್ಲು. ಈಗ ಎರಡು ಮೂರು ತಿಂಗಳಿಂದ ಏನೂ ಅನ್ನಂಗಿಲ್ಲ. ಹೆಸರ ಹಿಡಿದು ಕರದ್ರ ತಿರಗಂಗಿಲ್ಲ, ಮೊಬೈಲ್‌ನ್ಯಾಗ ಹಾಡು ಹತ್ತಿದ್ರ ಒಳಗಿನ ಖೋಲ್ಯಾಗಿಂದ ಓಡಿ ಬರ್ತಾಳ. ನಡಿಯೂದು ಓಡೂದು ಎಲ್ಲಾ ಚೊಲೋ ಐತಿ. ಮನ್ಯಾಗ ಎಲ್ಲಾರೂ "ಬರ್ತೈತಿ ಬಿಡು" ಅಂತಾರ.

ಡಾಕ್ಟರ್:

ನೋಡಮ್ಮ, ನಿಮಗೆ ಮೇಲಿನ ಉತ್ತರ ಅನ್ವಯಿಸಲ್ಲ. ತಡವಾಗಿ ಬರೋದು ಬೇರೆ, ಬಂದಿದ್ದು ಹೋಗೋದು ಬೇರೆ. ಯಾವ ವಯಸ್ಸಲ್ಲೇ ಆಗಲಿ, ಇದ್ದ ಮಾತು ನಿಂತರೆ ಈ ವಾರವೇ ತೋರಿಸಬೇಕು. ಹಾಡಿಗೆ ಓಡಿ ಬರ್ತಾಳೆ ಅಂದ ಮಾತ್ರಕ್ಕೆ ಕಿವಿ ಪೂರ್ತಿ ಸರಿ ಅಂತಲೂ ಅಲ್ಲ, ಮೊದಲು ಕಿವಿ ಪರೀಕ್ಷೆ ಆಗಲಿ. ಜೊತೆಗೆ ಎಂ-ಚಾಟ್ ಅಂತ ಒಂದು ಪ್ರಶ್ನಾವಳಿ ಇದೆ, ಮಗು ಬೇರೆಯವರ ಜೊತೆ ಬೆರೆಯೋ, ಸ್ಪಂದಿಸೋ ರೀತಿ ಬಗ್ಗೆ, 16ರಿಂದ 30 ತಿಂಗಳ ಮಕ್ಕಳಿಗೆ, ಮಕ್ಕಳ ಡಾಕ್ಟರ್ ನಿಮ್ಮನ್ನು ಕೂರಿಸಿ ಕೇಳ್ತಾರೆ. ಅದು ಕಾಯಿಲೆಗೆ ಹೆಸರಿಡೋ ಪರೀಕ್ಷೆ ಅಲ್ಲ, ಮುಂದೆ ನೋಡಬೇಕಾ ಅಂತ ತಿಳಿಯೋಕೆ. ನಾನೂ ಇಲ್ಲಿಂದಲೇ ಯಾವ ಹೆಸರೂ ಇಡಲ್ಲ.

ಖರ್ಚಿನ ಯೋಚನೆ ಬೇಡ. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ, ಅಂದರೆ ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆಯ ತಂಡದ ಡಾಕ್ಟರಿಗೆ ಹೇಳಿದರೆ ಡಿಇಐಸಿ ಅನ್ನೋ ಜಿಲ್ಲಾ ಮಟ್ಟದ ಮಕ್ಕಳ ಚಿಕಿತ್ಸಾ ಕೇಂದ್ರಕ್ಕೆ ಬರೆದು ಕಳಿಸ್ತಾರೆ, ಅಲ್ಲಿ ತಪಾಸಣೆ, ಥೆರಪಿ ಉಚಿತ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ, ಎಲ್ಲರೂ ಆಯಿಷ್ ಅನ್ನೋದು, 1965ರಿಂದ ಇದೇ ಕೆಲಸ ಮಾಡ್ತಿದೆ. ನಿಮ್ಮೂರಲ್ಲೇ ಡಿಮ್ಹಾನ್ಸ್, ಅಂದರೆ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಇದೆ. ಎಲ್ಲಿ ಬೇಗ ದಿನ ಸಿಗುತ್ತೋ ಅಲ್ಲಿಗೆ ಹೋಗಿ. ಹೋಗುವಾಗ ಮೊದಲು ಮಾತಾಡುತ್ತಿದ್ದಾಗಿನ ಫೋನ್ ವಿಡಿಯೋ ಇದ್ದರೆ ಇಟ್ಟುಕೊಳ್ಳಿ, ಈಗಿನದ್ದೂ ಒಂದು ತೆಗೆಯಿರಿ. "ಬರ್ತೈತಿ ಬಿಡು" ಅನ್ನೋರಿಗೆ ಉತ್ತರ ಕೊಡ್ತಾ ಕೂರಬೇಡಿ.

ಧಾರವಾಡದ ತಾಯಿ:

ಬುಧವಾರ ಹೊಂಟೀವ್ರಿ ಮೇಡಂ. ವಿಡಿಯೋ ಅದಾವ.

ಒಬ್ಬ ಅಪ್ಪ (ಮಂಗಳೂರು):

ಮಗಳಿಗೆ 15 ತಿಂಗಳು, ನಡೆಯುತ್ತಾಳೆ, ಕಾಲು ಬಿಲ್ಲಿನ ಹಾಗೆ ಬಾಗಿದೆ. ನಿನ್ನೆ ಬೀಳುವಾಗ ಒಂದು ಕೈ ಹಿಡಿದು ಎಳೆದೆ, ಆಗಿನಿಂದ ಆ ಕೈ ಎತ್ತುತ್ತಿಲ್ಲ. ಊದಿಕೊಂಡಿಲ್ಲ. ಎಣ್ಣೆ ತಿಕ್ಕಬಹುದಾ?

ಡಾಕ್ಟರ್:

ತಿಕ್ಕಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ. ಮೊಣಕೈಯ ಮೂಳೆ ತನ್ನ ಪಟ್ಟಿಯಿಂದ ಸ್ವಲ್ಪ ಜಾರಿರೋ ಹಾಗಿದೆ, ಈ ವಯಸ್ಸಲ್ಲಿ ಕೈ ಹಿಡಿದು ಎಳೆದರೆ ಆಗೋದು ಇದೇ. ಗೊತ್ತಿದ್ದವರು ಒಂದು ನಿಮಿಷದಲ್ಲಿ ಕೂರಿಸಿಬಿಡ್ತಾರೆ. ಇನ್ಮೇಲೆ ಎತ್ತುವಾಗ ಕಂಕುಳಿಗೆ ಕೈ ಹಾಕಿ. ಕಾಲಿನ ಬಾಗು ಎರಡು ವರ್ಷದ ತನಕ ಸಹಜ, ಎರಡೂ ಕಡೆ ಸಮ ಇದ್ದರೆ ಚಿಂತೆ ಇಲ್ಲ.

ದಾವಣಗೆರೆಯ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಸೇರಿಸಿ ಎಣಿಸಿದರೆ ಒಂಬತ್ತು ಪದ ಆಯ್ತು ಮೇಡಂ, "ಬೇಡ" ಸೇರಿ! ಕಿವಿ ಪರೀಕ್ಷೆ ಹುಟ್ಟಿದಾಗಲೇ ಪಾಸ್ ಆಗಿದೆಯಲ್ಲ, ಮತ್ತೆ ಬೇಕಾ?

ಡಾಕ್ಟರ್:

ಬೇಕು. ಓಎಇ ನೋಡೋದು ಒಳಗಿವಿಯನ್ನು ಮಾತ್ರ. ಐದು ದಿನಕ್ಕಿಂತ ಹೆಚ್ಚು ಐಸಿಯುನಲ್ಲಿದ್ದ ಮಕ್ಕಳಲ್ಲಿ ಕಿವಿಯಿಂದ ಮೆದುಳಿಗೆ ಹೋಗುವ ನರವನ್ನೂ ನೋಡಬೇಕು, ಅದಕ್ಕೆ ಬೆರಾ ಪರೀಕ್ಷೆ. ಅವಸರ ಇಲ್ಲ, ಈ ತಿಂಗಳೊಳಗೆ ಮಾಡಿಸಿ. ಮಗು ಮಲಗಿರುವಾಗ ಮಾಡೋದು, ಆದ್ದರಿಂದ ಮಧ್ಯಾಹ್ನದ ನಿದ್ದೆ ಹೊತ್ತಿಗೇ ಸಮಯ ಕೇಳಿ, ಆಟೋದಲ್ಲಿ ಹೋಗುವಾಗ ಮಲಗೋಕೆ ಬಿಡಬೇಡಿ. ಹಿಂದಿನ ದಿನ ತಲೆಗೆ ಎಣ್ಣೆ ಹಚ್ಚಬಾರದು ಅಂತ ಅತ್ತೆಗೆ ಮುಂಚೆಯೇ ಹೇಳಿಡಿ, ಜಿಡ್ಡಿದ್ದರೆ ಹಣೆಯ ಮೇಲೆ ಅಂಟಿಸೋ ವೈರು ನಿಲ್ಲಲ್ಲ.