ಅಪ್‌ಡೇಟ್: ಯಮಹಾ ಆರ್‌ಎಕ್ಸ್ 100 ಬೈಕ್ ಮುಗ್ಗರಿಸ್ತಿದ್ದ ಕಾರಣ ಸಿಕ್ತು
ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸೋ ಭಾಗ) ಕ್ಲೀನ್ ಮಾಡಿಸಿದ ಮೇಲೆ ಆಕ್ಸಿಲರೇಟರ್ ಕೊಟ್ಟ ಕೂಡಲೇ ಗಾಡಿ ಮುಗ್ಗರಿಸಿ ಆಮೇಲೆ ಎಳೆಯುತ್ತೆ ಅಂತ ಕೇಳಿದ್ದೆನಲ್ಲ, ಸರಿಹೋಯ್ತು. ಅದರೊಳಗೆ ಪೆಟ್ರೋಲ್ ಹೋಗೋ ಸಣ್ಣ ತೂತಿನ ಜೆಟ್ ಕಟ್ಟಿರಬಹುದು ಅಂತ ನೀವು ಅಂದಿದ್ರಿ. ಬೆಳಕಿಗೆ ಹಿಡಿದು ನೋಡಿದೆ, ಎರಡು ಜೆಟ್‌ಗಳೂ ಸ್ವಚ್ಛ.

ಸುಳಿವು ಕೊಟ್ಟಿದ್ದು ಚೋಕ್. ಅದನ್ನ ಹಾಕಿದ್ರೆ ಮಿಶ್ರಣದಲ್ಲಿ ಗಾಳಿಗಿಂತ ಪೆಟ್ರೋಲ್ ಪಾಲು ಹೆಚ್ಚಾಗುತ್ತೆ, ಆಗ ಮುಗ್ಗರಿಕೆ ಮಾಯ, ಅಂದ್ರೆ ಎಲ್ಲಿಂದಲೋ ಗಾಳಿ ಜಾಸ್ತಿ ಹೋಗ್ತಿದೆ. ಐಡಲಿಂಗ್‌ನಲ್ಲಿಟ್ಟು, ಕಾರ್ಬ್ಯುರೇಟರ್‌ಗೂ ರೀಡ್ ವಾಲ್ವ್‌ಗೂ (ಮಿಶ್ರಣವನ್ನ ಇಂಜಿನ್ ಒಳಗೆ ಮಾತ್ರ ಬಿಡೋ ಕವಾಟ) ನಡುವಿನ ರಬ್ಬರ್ ಜಾಯಿಂಟ್ ಮೇಲೆ ಸೋಪುನೀರು ಸ್ಪ್ರೇ ಮಾಡಿದೆ. ಇಂಜಿನ್ ಸದ್ದೇ ಬದಲಾಯ್ತು! ಬಿಚ್ಚಿ ಮಡಚಿ ನೋಡಿದ್ರೆ ತಳದಲ್ಲಿ ಕೂದಲೆಳೆಯಷ್ಟು ಬಿರುಕು. ಹಳೇ ರಬ್ಬರ್, ಕಾರ್ಬ್ಯುರೇಟರ್ ಎಳೆಯುವಾಗ ಸೀಳಿರಬೇಕು.

ಹೊಸದು ಹಾಕಿ, ಇಂಜಿನ್ ಬಿಸಿಯಾದ ಮೇಲೆ ಗಾಳಿ ಪ್ರಮಾಣ ಹೊಂದಿಸೋ ಏರ್ ಸ್ಕ್ರೂ ಸೆಟ್ ಮಾಡಿದೆ. ಪೆಟ್ರೋಲ್ ಪ್ರಮಾಣ ಬದಲಿಸೋ ನೀಡಲ್ ಕ್ಲಿಪ್ ಮುಟ್ಟಲಿಲ್ಲ. ಟೂ-ಸ್ಟ್ರೋಕ್ ಬೇರೆ, ಗಾಳಿ ಜಾಸ್ತಿ ಹೋಗ್ತಿರುವಾಗ ಹಾಗೇ ಓಡಿಸಿದ್ರೆ ಇಂಜಿನ್ ಅತಿಯಾಗಿ ಕಾದು ಪಿಸ್ಟನ್ ಸೀಜ್ ಆಗೋ (ಸಿಲಿಂಡರ್‌ನಲ್ಲೇ ಸಿಕ್ಕಿಕೊಳ್ಳೋ) ಭಯ ಇತ್ತು.